ಕಡಲಿಲ್ಲದೆ ಸಂಸಾರ ಹೂಡದ ಏಡಿ

ಜೋಗಿಮಟ್ಟಿಯಿಂದ ಅರಬ್ಬಿ ಕಡಲಿಗೆ ನೇರವಾಗಿ ಅಳೆದರೂ ಸುಮಾರು 200 ಕಿ.ಮೀ. ದೂರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಹರಡಿಕೊಂಡ ಈ ಗುಡ್ಡಸಾಲು ಕುರುಚಲು ಕಾಡಿನದು, ಜೋರು ಗಾಳಿಯದು, ಅಲ್ಪ ಮಳೆಯದು. ಇಂಥ ಒಣನಾಡಿನಲ್ಲಿ ಶಂಖವನ್ನೇ ಮನೆ ಮಾಡಿಕೊಂಡು ಬದುಕುವ ಸನ್ಯಾಸಿ ಏಡಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಸಾಕುಪ್ರಾಣಿಗಳ ಪೇಟೆಗೆ ಕಡಲು ಹತ್ತಿರವೋ ದೂರವೋ ಎಂಬ ಚಿಂತೆಯಿಲ್ಲ. ಮೀನಿನ ತೊಟ್ಟಿ ಮಾರುವ ಅಂಗಡಿ ಇರುವ ಕಡೆಗೆಲ್ಲ ಸನ್ಯಾಸಿ ಏಡಿಯೂ ಬರಬಹುದು. ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ಅಂಗೈಯಗಲದ ಜಾಗ ಸಾಕು ಎಂಬ ಮಾತೇ ಅದರ ಜಾಹೀರಾತು. ಆದರೆ ಈ ಏಡಿಯ ಬಗ್ಗೆ ನೂರು ವರ್ಷಕ್ಕೂ ಮಿಕ್ಕಿ ಬೆಳೆದುಬಂದ ತಿಳಿವಳಿಕೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇದನ್ನು ಸಾಕುವ ವಿದ್ಯೆ ಬಹಳ ಮುಂದುವರಿದಿದೆ, ಇದರ ಸಂತಾನ ಬೆಳೆಸುವ ವಿದ್ಯೆ ಇನ್ನೂ ಅಂಬೆಗಾಲಿನಲ್ಲಿದೆ. ಮನೆಯಲ್ಲಿ ಇದನ್ನು ಇಟ್ಟುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ಎರಡು ವಿದ್ಯೆಗಳ ನಡುವಿನ ಅಂತರದಲ್ಲಿ.

ಭಾರತದಲ್ಲಿ ಈ ಅಧ್ಯಯನಕ್ಕೆ ಗಟ್ಟಿ ಬುನಾದಿ ಹಾಕಿದವರು ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ಆಲ್ಫ್ರೆಡ್ ಆಲ್ಕಾಕ್. ಮ್ಯೂಸಿಯಂನ ಸಂಗ್ರಹದಲ್ಲಿದ್ದ ಸನ್ಯಾಸಿ ಏಡಿಗಳ ವಿವರವಾದ ಪಟ್ಟಿಯನ್ನು ಅವರು 1905ರಲ್ಲಿ ಹೊರತಂದರು. 1910ರಲ್ಲಿ ಭಾರತದ ಸಿಹಿನೀರಿನ ಏಡಿಗಳ ಪಟ್ಟಿಯೂ ಬಂತು. ಈ ಎರಡನ್ನೂ ಪಕ್ಕಪಕ್ಕದಲ್ಲಿ ಓದಿದರೆ ನಮ್ಮ ವಾದಕ್ಕೆ ಬೇಕಾದ ಅರ್ಧ ಸಾಮಗ್ರಿ ಅಲ್ಲೇ ಸಿಗುತ್ತದೆ. ಸನ್ಯಾಸಿ ಏಡಿ ನಿಜವಾದ ಏಡಿಗಳ ಗುಂಪಿಗೆ ಸೇರಿದ್ದಲ್ಲ. ಅದರ ಹೊಟ್ಟೆಯ ಭಾಗ ಮೆತ್ತಗಿದ್ದು ಒಂದು ಪಕ್ಕಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪಿನೊಳಗೆ ಆ ಹೊಟ್ಟೆಯನ್ನು ತೂರಿಸಿ ಕಾಪಾಡಿಕೊಳ್ಳದೆ ಅದಕ್ಕೆ ಗತಿಯಿಲ್ಲ. ಕಾರವಾರದಿಂದ ಮಲ್ಪೆಯವರೆಗಿನ ನಮ್ಮ ಕರಾವಳಿಯಲ್ಲಿ ಕಾಣುವ ಡಯೋಜೀನಿಸ್, ಕ್ಲಿಬನೇರಿಯಸ್ ಕುಲದವು ಉಪ್ಪುನೀರನ್ನೇ ನಂಬಿದವು, ಸಿಹಿನೀರಿನ ತೊಟ್ಟಿಗೆ ಹಾಕಿದರೆ ಉಳಿಯುವುದಿಲ್ಲ. ಸಾಕುಪ್ರಾಣಿಯಾಗಿ ಜಗತ್ತಿನಲ್ಲಿ ಹೆಸರು ಮಾಡಿದ್ದು ನೆಲದ ಮೇಲೆ ಬದುಕುವ ಸೀನೋಬಿಟಾ ಕುಲ. ಅದರ ಹಲವು ಪ್ರಭೇದಗಳು ಅಂಡಮಾನ್-ನಿಕೋಬಾರ್ ಮತ್ತು ಲಕ್ಷದ್ವೀಪಗಳಲ್ಲಿವೆ.

ಮುಂದಿನ ಹಂತ ಪ್ರಯೋಗಾಲಯದ್ದು. ನೆಲದ ಮೇಲೆ ಬದುಕುವ ಈ ಪ್ರಾಣಿ ಮರಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಆಂಥನಿ ಪ್ರೊವೆನ್ಜಾನೊ 1962ರಲ್ಲಿ ವಿವರವಾಗಿ ಉತ್ತರಿಸಿದರು. ಕೆರಿಬಿಯನ್ ತೀರದ ಸೀನೋಬಿಟಾ ಕ್ಲಿಪಿಯೇಟಸ್ ಪ್ರಭೇದದ ಮರಿಗಳನ್ನು ಅವರು ಪ್ರಯೋಗಾಲಯದಲ್ಲಿ ಹಂತಹಂತವಾಗಿ ಬೆಳೆಸಿದರು. ಹೆಣ್ಣು ಸಾವಿರಾರು ಮೊಟ್ಟೆಗಳನ್ನು ಹೊಟ್ಟೆಯ ಕಾಲುಗಳಿಗೆ ಅಂಟಿಸಿಕೊಂಡು ಚಿಪ್ಪಿನೊಳಗೇ ಹೊತ್ತು ತಿರುಗುತ್ತದೆ. ಅವು ಬಲಿತಾಗ ಸಮುದ್ರದಂಚಿಗೆ ಬಂದು ನೀರಿಗೆ ಬಿಡುತ್ತದೆ. ಉಪ್ಪುನೀರು ತಾಕಿದೊಡನೆ ಒಡೆದು ಬರುವ ಜೋಯಿಯಾ ಎಂಬ ಮರಿಗೆ ಏಡಿಯ ರೂಪವೇ ಇರುವುದಿಲ್ಲ. ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವ ಅದು ನೀರಿನಲ್ಲಿ ತೇಲುತ್ತ, ತನಗಿಂತ ಸಣ್ಣ ಜೀವಿಗಳನ್ನು ತಿನ್ನುತ್ತ ನಾಲ್ಕರಿಂದ ಆರು ಹಂತ ದಾಟಬೇಕು. ಆಮೇಲೆ ಮೆಗಲೋಪಾ ಎಂಬ ರೂಪ ತಳೆದು, ತಳಕ್ಕಿಳಿದು, ಸಾಸಿವೆ ಗಾತ್ರದ ಚಿಪ್ಪೊಂದನ್ನು ಹುಡುಕಿ ಒಳಹೊಕ್ಕು, ಅದನ್ನು ಹೊತ್ತುಕೊಂಡೇ ನೆಲಕ್ಕೇರಬೇಕು. ಹೊತ್ತಿಗೆ ಸರಿಯಾಗಿ ಚಿಪ್ಪು ಸಿಗದಿದ್ದರೆ, ಏರಲು ದಡ ಸಿಗದಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. 1968ರಲ್ಲಿ ರೀಸ್ ಮತ್ತು ಕಿನ್ಜಿ ಇದೇ ಕುಟುಂಬದ ದೈತ್ಯ ತೆಂಗಿನ ಏಡಿಯ ಮರಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದರ ಬಾಲ್ಯವೂ ಕಡಲಿನದೇ ಎಂದು ತೋರಿಸಿದರು. ಆಸ್ಟ್ರೇಲಿಯಾದ ಸೀನೋಬಿಟಾ ವೇರಿಯಾಬಿಲಿಸ್‌ನಲ್ಲಿ ಈ ಮರಿಹಂತಗಳು ಮೊಟಕಾಗಿವೆಯೇ ಹೊರತು ಇಲ್ಲವಾಗಿಲ್ಲ ಎಂದು ಹಾರ್ವೆ 1992ರಲ್ಲಿ ವರದಿ ಮಾಡಿದರು. ಇತ್ತೀಚಿನ ದಶಕಗಳಲ್ಲಿ ಜಪಾನಿನ ಹಮಾಸಾಕಿ ಮತ್ತು ಸಂಗಡಿಗರು ಉಷ್ಣಾಂಶ, ಲವಣಾಂಶಗಳಿಗೆ ತಕ್ಕಂತೆ ಮರಿಗಳು ಎಷ್ಟು ಉಳಿಯುತ್ತವೆ ಎಂಬುದನ್ನು ಮತ್ತೆ ಮತ್ತೆ ಅಳೆದಿದ್ದಾರೆ. ಕಡಲನ್ನು ಬಿಟ್ಟರೆ ಸನ್ಯಾಸಿ ಏಡಿಗೆ ಬಾಲ್ಯವಿಲ್ಲ ಎಂಬ ಮಾತಿಗೆ ಈ ಎಲ್ಲ ಕೆಲಸವೂ ಸಾಕ್ಷಿ.

ಇದರ ಜೊತೆಗೇ ಅವುಗಳ ನಡತೆಯ ಅಧ್ಯಯನವೂ ಬೆಳೆಯಿತು. ಒಂದು ಏಡಿ ದೊಡ್ಡ ಚಿಪ್ಪಿಗೆ ಹೋದರೆ ಅದು ಬಿಟ್ಟದ್ದು ಇನ್ನೊಂದಕ್ಕೆ, ಇನ್ನೊಂದು ಬಿಟ್ಟದ್ದು ಮಗದೊಂದಕ್ಕೆ ದಕ್ಕುವ ಸರಪಳಿಯನ್ನು ಸಮಾಜಶಾಸ್ತ್ರಜ್ಞ ಐವನ್ ಚೇಸ್ 1980ರ ದಶಕದಲ್ಲಿ ದಾಖಲಿಸಿದರು. ನೆಲದ ಸನ್ಯಾಸಿ ಏಡಿಗಳು ಚಿಪ್ಪಿನ ಒಳಗನ್ನು ಕೊರೆದು ಅಗಲ ಮಾಡಿಕೊಳ್ಳುತ್ತವೆ, ಹೀಗೆ ಪಳಗಿದ ಚಿಪ್ಪಿಗಾಗಿ ಒಂದು ಇನ್ನೊಂದನ್ನು ಅವಲಂಬಿಸುತ್ತದೆ ಎಂದು ಮಾರ್ಕ್ ಲೇಡ್ರಿ 2012ರಲ್ಲಿ ತೋರಿಸಿದರು. ಹಾಗಾದರೆ ಒಂಟಿ ಏಡಿಯನ್ನು ಬಣ್ಣ ಬಳಿದ ಒಂದೇ ಚಿಪ್ಪಿನೊಂದಿಗೆ ಪೆಟ್ಟಿಗೆಯಲ್ಲಿಡುವುದು ಅದರ ಸ್ವಭಾವಕ್ಕೆ ತೀರಾ ವಿರುದ್ಧ. ಇದಕ್ಕೂ ಮೊದಲೇ, 2009ರಲ್ಲಿ, ಬೆಲ್‌ಫಾಸ್ಟಿನ ರಾಬರ್ಟ್ ಎಲ್ವುಡ್ ಮತ್ತು ಮಿರ್ಜಾಮ್ ಅಪೆಲ್ ಚಿಪ್ಪಿನೊಳಗಿನ ಏಡಿಗೆ ಸಣ್ಣ ವಿದ್ಯುದಾಘಾತ ಕೊಟ್ಟು ನೋಡಿದ್ದರು. ಕೆಲವು ಚಿಪ್ಪು ಬಿಟ್ಟು ಹೊರಬಂದವು. ಬಿಡದೆ ಉಳಿದವಕ್ಕೆ ಹೊಸ ಚಿಪ್ಪು ತೋರಿಸಿದಾಗ, ಅವು ಆಘಾತ ತಿನ್ನದ ಏಡಿಗಳಿಗಿಂತ ಬೇಗ ಅದರತ್ತ ಹೊರಟವು. ನೋವಿಗೆ ಬರೀ ಬೆಚ್ಚುವುದಲ್ಲ, ಆ ಅನುಭವವನ್ನು ತೂಗಿ ನೋಡಿ ನಿರ್ಧರಿಸುವ ಪ್ರಾಣಿ ಇದು ಎಂಬ ವಾದಕ್ಕೆ ಈ ಪ್ರಯೋಗ ಬಲ ತಂದಿತು. ಬ್ರಿಟನ್ 2022ರಲ್ಲಿ ತಂದ ಪ್ರಾಣಿ ಸಂವೇದನೆಯ ಕಾಯ್ದೆಯಲ್ಲಿ ಏಡಿ, ಸಿಗಡಿಗಳ ವರ್ಗಕ್ಕೂ ಜಾಗ ಸಿಕ್ಕಿತು.

ಮನೆಯಲ್ಲಿ ಸಾಕುವವರ ತಿಳಿವಳಿಕೆ ಬೆಳೆದದ್ದು ಹೆಚ್ಚಾಗಿ ಅಮೆರಿಕದಲ್ಲಿ, ಸೋತು ಸೋತು ಕಲಿತು. ಅಲ್ಲಿ 1970ರ ದಶಕದಿಂದ ಕಡಲತೀರದ ಅಂಗಡಿಗಳು ತಂತಿಬಲೆಯ ಪುಟ್ಟ ಪಂಜರದಲ್ಲಿಟ್ಟು ಮಾರಿದ ಏಡಿಗಳು ತಿಂಗಳೊಪ್ಪತ್ತಿನಲ್ಲಿ ಸಾಯುತ್ತಿದ್ದವು. ಕಾರಣ ಗೊತ್ತಾಗಲು ಬಹುಕಾಲ ಹಿಡಿಯಿತು. ಈ ಪ್ರಾಣಿ ಉಸಿರಾಡುವುದು ಮಾರ್ಪಟ್ಟ ಕಿವಿರುಗಳಿಂದ, ಅವು ಒಣಗಿದರೆ ಉಸಿರುಗಟ್ಟುತ್ತದೆ. ಆದ್ದರಿಂದ ಪೆಟ್ಟಿಗೆಯ ಗಾಳಿಯಲ್ಲಿ ತೇವ ಶೇ. 75ಕ್ಕಿಂತ ಮೇಲಿರಬೇಕು, ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ನ ಮೇಲಕ್ಕಿರಬೇಕು. ಕ್ಲೋರಿನ್ ತೆಗೆದ ಸಿಹಿನೀರು, ಉಪ್ಪುನೀರು ಎರಡೂ ಬೇಕು. ಪೊರೆ ಕಳಚುವಾಗ ಏಡಿ ಮರಳಿನಡಿ ಹೂತುಕೊಂಡು ವಾರಗಟ್ಟಲೆ ಕಾಣಿಸುವುದೇ ಇಲ್ಲ. ಒದ್ದೆ ಮರಳು ಮತ್ತು ತೆಂಗಿನ ನಾರಿನ ಪುಡಿಯ ಹಾಸು ಗೇಣುದ್ದವಾದರೂ ಆಳವಿರಬೇಕು. ಸತ್ತಿತೆಂದು ಅಗೆದು ತೆಗೆದರೆ ಆಗ ನಿಜಕ್ಕೂ ಸಾಯುತ್ತದೆ. ಇದೆಲ್ಲ ಒದಗಿಸಿದವರ ಮನೆಗಳಲ್ಲಿ ಏಡಿಗಳು ದಶಕಗಟ್ಟಲೆ ಬದುಕಿವೆ. ಬೇಸಿಗೆಯ ಮಧ್ಯಾಹ್ನ ಚಿತ್ರದುರ್ಗದ ಗಾಳಿಯ ತೇವ ಈ ಅಗತ್ಯದ ಅರ್ಧಕ್ಕೂ ಕೆಳಗಿಳಿಯುತ್ತದೆ ನಿಜ, ಆದರೂ ಮುಚ್ಚಳ ಹಾಕಿದ ಗಾಜಿನ ತೊಟ್ಟಿಯೊಳಗೆ ಬೇರೆಯದೇ ಹವೆ ಸೃಷ್ಟಿಸಬಹುದು. ಒಣನಾಡಿನಲ್ಲಿ ಸಾಕುವುದು ಅಸಾಧ್ಯ ಎಂಬ ವಾದ ಹಾಗಾಗಿ ನಿಲ್ಲುವುದಿಲ್ಲ.

ನಿಲ್ಲುವ ವಾದ ಬೇರೆ: ಮರಿ ಎಲ್ಲಿಂದ ಬರಬೇಕು? ಮನೆಯಲ್ಲೇ ಮರಿ ಮಾಡಿಸುವ ಪ್ರಯತ್ನಗಳಲ್ಲಿ ಹೆಸರಾದದ್ದು ಅಮೆರಿಕದ ಲೇಖಕಿ ಮೇರಿ ಏಕರ್ಸ್ ಅವರದು. 2018ರ ಹೊತ್ತಿಗೆ ಅವರು ಕ್ಲಿಪಿಯೇಟಸ್ ಮರಿಗಳನ್ನು ಜೋಯಿಯಾ ಹಂತದಿಂದ ನೆಲಕ್ಕೇರುವವರೆಗೆ ಸಾಕಿ ತೋರಿಸಿದರು. ಇದು ದೊಡ್ಡ ಸಾಧನೆಯೇ. ಆದರೆ ಅದಕ್ಕೆ ತೆತ್ತದ್ದೇನು ಎಂಬುದನ್ನೂ ನೋಡಬೇಕು. ಮರಿಗಳು ತಳ ಸೇರದಂತೆ ನೀರನ್ನು ಸದಾ ಮೆಲ್ಲಗೆ ಸುತ್ತಿಸುವ ತೊಟ್ಟಿ, ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಂತ ಆಹಾರ, ಎಡೆಬಿಡದೆ ನೀರು ಬದಲಿಸುವ ದುಡಿಮೆ, ಅಳತೆಗೊಪ್ಪುವ ನೂರಾರು ಪುಟ್ಟ ಚಿಪ್ಪು, ಇಷ್ಟೆಲ್ಲ ಆದಮೇಲೂ ಬಹುಪಾಲು ಮರಿಗಳ ಸಾವು. ನಮ್ಮಲ್ಲೇ, ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ (ಎಂಪೆಡಾ) ಅಡಿಯಲ್ಲಿರುವ ರಾಜೀವ್ ಗಾಂಧಿ ಜಲಕೃಷಿ ಕೇಂದ್ರ ತಮಿಳುನಾಡಿನಲ್ಲಿ ತಿನ್ನುವ ಕೆಸರೇಡಿಯ ಮರಿ ಉತ್ಪಾದಿಸುತ್ತಿದೆ. ಕಡಲಂಚಿನ ಜಾಗ, ತಜ್ಞರು, ಸರ್ಕಾರದ ಹಣ ಎಲ್ಲ ಇದ್ದೂ ಅಲ್ಲಿ ಉಳಿಯುವ ಮರಿಗಳ ಪ್ರಮಾಣ ಶೇಕಡಾ ಹತ್ತರೊಳಗೇ. ಅಂದಮೇಲೆ ಪೇಟೆಗೆ ಬರುವ ಸನ್ಯಾಸಿ ಏಡಿಯ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ: ಅದು ದಂಡೆಯಿಂದ ಹಿಡಿದು ತಂದದ್ದು. ಕೋಳಿ, ಮೊಲ, ಗಪ್ಪಿ ಮೀನಿನ ಹಾಗೆ ಸಾಕುವವರ ಕೈಯಲ್ಲೇ ಪೀಳಿಗೆ ಮುಂದುವರಿದ ಪ್ರಾಣಿ ಇದಲ್ಲ.

ಕಡಲಿನಲ್ಲಿ ಲೆಕ್ಕವಿಲ್ಲದಷ್ಟು ಇರುವಾಗ ನಾಲ್ಕು ಹಿಡಿದರೆ ಏನಾಯಿತು, ಮೀನುಬಲೆಗೆ ಸಿಕ್ಕಿ ಸಾಯುವವು ಇದಕ್ಕಿಂತ ಹೆಚ್ಚಲ್ಲವೇ ಎಂಬ ಆಕ್ಷೇಪಣೆ ಸಹಜ. ಬಲೆಯ ಹಾನಿ ನಿಜ, ಆದರೆ ಒಂದು ಹಾನಿ ಇನ್ನೊಂದಕ್ಕೆ ಪರವಾನಗಿಯಾಗುವುದಿಲ್ಲ. ಮೇಲಾಗಿ ಏಡಿಯ ಜೊತೆ ಚಿಪ್ಪೂ ದಂಡೆ ಬಿಟ್ಟು ಹೋಗುತ್ತದೆ, ಹಿಂದೆ ಕಾದು ನಿಂತ ಸರಪಳಿಯೇ ಕಡಿಯುತ್ತದೆ. ಜಪಾನ್ ನೆಲದ ಸನ್ಯಾಸಿ ಏಡಿಗಳನ್ನು 1970ರಲ್ಲೇ ನೈಸರ್ಗಿಕ ಸ್ಮಾರಕವೆಂದು ಘೋಷಿಸಿ ರಕ್ಷಣೆ ಕೊಟ್ಟಿತು. ಭಾರತದಲ್ಲಿ ತೆಂಗಿನ ಏಡಿ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಟ್ರೋಕಸ್, ಟರ್ಬೊದಂಥ ಕೆಲವು ಶಂಖಗಳು 2001ರಲ್ಲಿ ಕಾಯ್ದೆಯ ಆಸರೆಗೆ ಬಂದವು. ಅಂಗಡಿಯಲ್ಲಿ ಸಿಗುವ ಚೆಂದದ ಚಿಪ್ಪು ಕಾನೂನಿನ ಕಣ್ಣಲ್ಲಿ ಏನು ಎಂಬುದೂ ಹಾಗಾಗಿ ಕೇಳಲೇಬೇಕಾದ ಪ್ರಶ್ನೆ. ಮಕ್ಕಳಿಗೆ ಪ್ರಕೃತಿಯ ಪರಿಚಯವಾಗುತ್ತದಲ್ಲ ಎಂಬುದು ಎರಡನೆಯ ಆಕ್ಷೇಪಣೆ, ಮೊದಲನೆಯದಕ್ಕಿಂತ ತೂಕದ್ದು. ಆದರೆ ಹುಟ್ಟನ್ನು ತೋರಿಸದ, ಮರಿ ಮಾಡದ, ಸತ್ತರೆ ಇನ್ನೊಂದನ್ನು ಕೊಂಡು ತರುವ ಪ್ರಾಣಿಯಿಂದ ಮಗು ಕಲಿಯುವುದು ವ್ಯಾಪಾರವನ್ನೇ ಹೊರತು ಜೀವನಚಕ್ರವನ್ನಲ್ಲ.

ಏಡಿಯ ಜೀವನಚಕ್ರ ನೋಡಬೇಕೆಂಬ ಆಸೆ ನಿಜವಾದದ್ದಾದರೆ ಅದಕ್ಕೆ ಕಡಲೂ ಬೇಡ, ಅಂಗಡಿಯೂ ಬೇಡ. ಆಲ್ಕಾಕ್ ಅವರ ಎರಡನೆಯ ಪಟ್ಟಿಗೆ ಸೇರಿದ ಸಿಹಿನೀರಿನ ಏಡಿಗಳು ದಖ್ಖನ್ನಿನ ಕೆರೆ, ಹಳ್ಳ, ಗದ್ದೆಬದುಗಳಲ್ಲಿ ಬಿಲ ತೋಡಿಕೊಂಡಿವೆ. ಅವುಗಳಲ್ಲಿ ಬ್ಯಾರಿಟೆಲ್ಫುಸಾ ಎಲ್ಲರಿಗೂ ಕಂಡು ಗೊತ್ತಿರುವ ಗದ್ದೆ ಏಡಿಯ ಕುಲ. ಇವು ತೇಲುವ ಮರಿಯ ಹಂತವನ್ನೇ ಕೈಬಿಟ್ಟಿವೆ. ಹೆಣ್ಣೇಡಿಯ ಹೊಟ್ಟೆಯಡಿ ಅಗಲವಾದ ಮಡಿಕೆಯೊಂದಿದೆ. ಅದರೊಳಗೆ ಬಂಡಾರ ತುಂಬಿದ ದೊಡ್ಡ ಮೊಟ್ಟೆಗಳು ಅಂಟಿಕೊಂಡಿರುತ್ತವೆ. ಅವು ಒಡೆದಾಗ ಹೊರಬರುವುದು ಕಾಲು, ಕೊಂಡಿ ಎಲ್ಲ ಮೂಡಿದ ಪೂರ್ಣ ಏಡಿಮರಿಯೇ. ತಾಯಿ ಅವನ್ನು ಕೆಲಕಾಲ ಅದೇ ಮಡಿಕೆಯಲ್ಲಿಟ್ಟು ಕಾಯುತ್ತದೆ, ಆಮೇಲೆ ನೀರಿಗೆ ಬಿಡುತ್ತದೆ. ಕಡಲಿನ ಹಂಗು ಕಳೆದುಕೊಂಡು ಒಳನಾಡಿನಲ್ಲಿ ವಂಶ ನಡೆಸಲು ಈ ಏಡಿಗಳು ಕಂಡುಕೊಂಡ ದಾರಿ ಅದು. ಈ ಬಳಗದಲ್ಲಿ ಕಲಿಯಬೇಕಾದದ್ದು ಇನ್ನೂ ಎಷ್ಟಿದೆ ಎಂಬುದಕ್ಕೆ, ಯಲ್ಲಾಪುರ ತಾಲ್ಲೂಕಿನ ಬಾರೆಯಲ್ಲಿ ಸಿಕ್ಕಿ 2022ರಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಾದ ಘಟಿಯಾನ ದ್ವಿವರ್ಣ ಎಂಬ ಏಡಿಯೇ ಸಾಕ್ಷಿ. ಒಂದು ಎಚ್ಚರಿಕೆ ಮಾತ್ರ ಬೇಕು. ಜೋಗಿಮಟ್ಟಿ 2015ರಿಂದ ವನ್ಯಜೀವಿಧಾಮ. ಅದರ ಗಡಿಯೊಳಗಿನ ಹಳ್ಳದಿಂದ ಒಂದು ಏಡಿಮರಿಯನ್ನು ಹೊತ್ತು ತರುವುದೂ ವನ್ಯಜೀವಿ ಕಾಯ್ದೆಯ 29ನೇ ಸೆಕ್ಷನ್ನಿಗೆ ವಿರುದ್ಧ. ಅಲ್ಲಿ ಕಣ್ಣಿಗೆ ಕೆಲಸ ಕೊಡಬಹುದು, ಕೈಗೆ ಅಲ್ಲ.

ಆದ್ದರಿಂದ ಹೇಳಬೇಕಾದದ್ದು ಇಷ್ಟು. ಮನೆಯಲ್ಲಿ ಈಗಾಗಲೇ ಸನ್ಯಾಸಿ ಏಡಿ ಇದ್ದವರು ಅದಕ್ಕೆ ಆಳವಾದ ಒದ್ದೆ ಮರಳು, ಎರಡು ಬಗೆಯ ನೀರು, ಬಣ್ಣವಿಲ್ಲದ ಬೇರೆ ಬೇರೆ ಅಳತೆಯ ಚಿಪ್ಪು ಕೊಟ್ಟು ಕೊನೆಯವರೆಗೆ ನೋಡಿಕೊಳ್ಳಲಿ. ಇಲ್ಲದವರು, ಸಾಕಣೆಯಲ್ಲೇ ಹುಟ್ಟಿದ ಮರಿ ನಂಬಿಕೆಯಿಂದ ಸಿಗುವ ಕಾಲ ಬರುವವರೆಗೆ ಕೊಳ್ಳದಿರಲಿ. ನಾಲ್ಕೂ ತಾಲ್ಲೂಕಿನ ಶಾಲೆಗಳ ವಿಜ್ಞಾನ ಮೇಷ್ಟ್ರುಗಳು ಒಂದು ಮಳೆಗಾಲವಾದರೂ ಮಕ್ಕಳನ್ನು ಊರ ಕೆರೆಯ ಕೋಡಿಗೆ, ಗದ್ದೆಯ ಬದುವಿಗೆ ಕರೆದೊಯ್ದು ಏಡಿಯ ಬಿಲ ಎಣಿಸಲು ಹಚ್ಚಲಿ. ಗುಡ್ಡದ ಬುಡದ ಆಡುಮಲ್ಲೇಶ್ವರ ಕಿರು ಮೃಗಾಲಯ ಚಿರತೆ, ಕರಡಿಗಳ ಜೊತೆಗೆ ಈ ನೆಲದ ಏಡಿಗೂ ಒಂದು ಗಾಜಿನ ತೊಟ್ಟಿಯಷ್ಟು ಜಾಗ ಕೊಡಲಿ.