‘ಪಿಚ್ಚರ್ ಎಂಗದ?’: ಗಡಿಸೀಮೆಯ ಸಿನಿಮಾ ಮಾತು ನಡೆದು ಬಂದ ದಾರಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಸಿನಿಮಾ ನೋಡಿ ಬಂದವರಿಗೆ ಮೊದಲು ಎದುರಾಗುವುದು ಎರಡೇ ಪದಗಳ ಪ್ರಶ್ನೆ: ‘ಪಿಚ್ಚರ್ ಎಂಗದ?’ ಉತ್ತರವೂ ಚಿಕ್ಕದು. ‘ಚೆನ್ನಾಗದ ಕಣಪ್ಪ’, ‘ಒಂದ್ಸಲ ನೋಡ್ಬೋದು’, ‘ಬರೀ ಕೊರೆತ’, ‘ಕಾಸಿಗೆ ಮೋಸ ಇಲ್ಲ’. ಕೇಳಿದವನು ಅಷ್ಟಕ್ಕೇ ಒಪ್ಪುವುದಿಲ್ಲ. ಉತ್ತರ ಕೊಟ್ಟವರ ಮುಖ ನೋಡುತ್ತಾನೆ. ಹೇಳಿದ್ದು ಫೈಟಿಂಗ್ ಪ್ರಿಯನೋ, ಅಳುವ ಪಿಚ್ಚರಿನ ಭಕ್ತೆಯೋ, ಯಾವುದನ್ನೂ ಮೆಚ್ಚದ ಮೇಷ್ಟರೋ ಎಂದು ತೂಗಿ, ಆಮೇಲೆ ಟಿಕೆಟ್ಟಿನ ದುಡ್ಡು ಎಣಿಸುತ್ತಾನೆ. ಸಿನಿಮಾ ವಿಮರ್ಶೆಯ ಚರಿತ್ರೆಯನ್ನು ಪತ್ರಿಕೆಗಳ ಕಡತದಿಂದ ಆರಂಭಿಸುವುದು ವಾಡಿಕೆ. ಈ ಸೀಮೆಯಲ್ಲಿ ಅದನ್ನು ಬಾಯಿಮಾತಿನಿಂದಲೇ ಆರಂಭಿಸಬೇಕು.

ಕತೆ ಕೇಳಿ ಪಳಗಿದ ಕಿವಿ

ಬೆಳ್ಳಿತೆರೆ ಬರುವ ಮೊದಲೇ ಇಲ್ಲಿಯವರು ಇಡೀ ರಾತ್ರಿ ಕೂತು ಕತೆ ಕೇಳಿ ಪಳಗಿದ್ದರು. ನೀಲಗಾರರು ಮಂಟೇಸ್ವಾಮಿಯ ಕಾವ್ಯ ಹಾಡುತ್ತಾರೆ, ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕತೆ ಕಟ್ಟುತ್ತಾರೆ. ಕೇಳುವವರಿಗೆ ಕತೆ ಮೊದಲೇ ಗೊತ್ತು. ಹಾಗಾಗಿ ಅವರು ತೂಗುವುದು ಕತೆ ಹೇಳುವವನ ಗಂಟಲು, ಲಯ, ಎಲ್ಲಿ ಎಳೆದ, ಎಲ್ಲಿ ಅಳಿಸಿದ ಎಂಬುದನ್ನು. ಹೂಂಗುಟ್ಟುವ ದನಿ ಸಡಿಲವಾದರೆ ಹಾಡುವವನಿಗೆ ತಿಳಿಯುತ್ತದೆ. ಕಂಪನಿ ನಾಟಕಗಳ ‘ಒನ್ಸ್ ಮೋರ್’ ಇದೇ ಹೂಂಗುಟ್ಟುವಿಕೆಯ ಇನ್ನೊಂದು ರೂಪ.

ಕನ್ನಡ ಚಿತ್ರರಂಗದ ಅತಿ ದೊಡ್ಡ ನಟ ಹುಟ್ಟಿದ್ದು ಇಂಥ ಕೇಳುಗರ ನಡುವೆ. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಜನಿಸಿದ ಮುತ್ತುರಾಜು, ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಸಿಂಗಾನಲ್ಲೂರು ಇಂದು ಚಾಮರಾಜನಗರ ಜಿಲ್ಲೆಯಲ್ಲಿದೆ; ಗಾಜನೂರು ಗಡಿಯಾಚೆ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವೂ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ಮುತ್ತುರಾಜು ರಾಜಕುಮಾರ್ ಆದಾಗ, ಈ ಭಾಗದವರಿಗೆ ಸಿನಿಮಾ ಬಗ್ಗೆ ಮಾತಾಡುವುದೆಂದರೆ ಮನೆಮಗನ ಬಗ್ಗೆ ಮಾತಾಡಿದಂತಾಯಿತು. ಆ ಅಕ್ಕರೆ ಇಲ್ಲಿನ ಅಭಿಪ್ರಾಯಕ್ಕೆ ಬಲ ಕೊಟ್ಟಿತು. ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದ್ದೂ ಅದೇ.

ಡೇರೆ, ಹಾಡಿನ ಪುಸ್ತಕ, ಮೈಸೂರಿನ ಸುದ್ದಿ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಹಳ್ಳಿಗಳಿಗೆ ಸಿನಿಮಾ ಮುಟ್ಟಿಸಿದ್ದು ಆಮೇಲೆ ಬಂದ ಟೂರಿಂಗ್ ಟಾಕೀಸ್, ಅಂದರೆ ಟೆಂಟು. ಹಳೇ ಮೈಸೂರಿನ ಟೆಂಟುಗಳ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿದರೆ ಟಿಕೆಟ್ ಕೊಡಲು ಶುರುವಾಯಿತೆಂದು ಲೆಕ್ಕ. ನೆಲಕ್ಕೊಂದು ದರ, ಬೆಂಚಿಗೊಂದು, ಕುರ್ಚಿಗೊಂದು. ಒಂದೇ ಪ್ರೊಜೆಕ್ಟರ್ ಇರುತ್ತಿದ್ದುದರಿಂದ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲಬೇಕಿತ್ತು. ಕಡಲೆಕಾಯಿ ಮಾರುವವನು ಓಡಾಡುವ ಆ ಬಿಡುವಿನಲ್ಲಿ ನೆಲದವರು ಅಲ್ಲಿಯವರೆಗಿನ ಕತೆಯ ಲೆಕ್ಕ ಚುಕ್ತಾ ಮಾಡಿಬಿಡುತ್ತಿದ್ದರು. ವಿಲನ್ನಿಗೆ ಶಾಪ, ನಾಯಕಿಗೆ ಬುದ್ಧಿವಾದ, ಹಾಸ್ಯದವನಿಗೆ ಶಿಳ್ಳೆ.

ಟೆಂಟಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ನಾಲ್ಕಾರು ಪುಟದ ಆ ಕಾಗದದಲ್ಲಿ ಕಥಾಸಾರಾಂಶವೂ ಇರುತ್ತಿತ್ತು. ಕುತೂಹಲ ಕೆರಳುವ ಕಡೆ ಸರಿಯಾಗಿ ನಿಂತು, ಮಿಕ್ಕದ್ದನ್ನು ತೆರೆಯ ಮೇಲೆ ನೋಡಿರೆಂದು ಹೇಳುತ್ತಿತ್ತು. ಕತೆಯನ್ನು ಎಲ್ಲಿಯವರೆಗೆ ಹೇಳಬಹುದು, ಎಲ್ಲಿ ಬಾಯಿ ಮುಚ್ಚಬೇಕು ಎಂಬ ಮರ್ಯಾದೆಯನ್ನು ಪ್ರೇಕ್ಷಕರಿಗೆ ಕಲಿಸಿದ್ದು ಈ ಪುಸ್ತಕವೇ ಇರಬೇಕು.

ಈ ಕಾಲದ ಮುಖ್ಯ ಲಕ್ಷಣ ತಡ. ಪ್ರಿಂಟುಗಳು ಕಡಿಮೆ, ಬೆಂಗಳೂರು, ಮೈಸೂರಿನಲ್ಲಿ ಓಡಿ ಮುಗಿದ ಮೇಲೆ ಡಬ್ಬಗಳು ಸಣ್ಣ ಊರಿಗೆ ಇಳಿಯುತ್ತಿದ್ದವು. ಅಷ್ಟರಲ್ಲಿ ಅಭಿಪ್ರಾಯ ಊರು ಸೇರಿರುತ್ತಿತ್ತು. ಚಾಮರಾಜನಗರಕ್ಕೆ ಅದು ಮೈಸೂರಿನ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿತ್ತು. ರೈಲಿಲ್ಲದ ಗುಂಡ್ಲುಪೇಟೆಗೆ ನಂಜನಗೂಡಿನ ಮೇಲೆ ಬಸ್ಸಿನಲ್ಲಿ. ತಂದವರು ಕಾಲೇಜು ಹುಡುಗರು, ಕೋರ್ಟು ಕಚೇರಿಗೆ ಹೋದವರು, ಬಟ್ಟೆ ತರಲು ಹೋದ ವ್ಯಾಪಾರಿಗಳು. ತಿಂಗಳ ಮೇಲೆ ಪಿಚ್ಚರ್ ಬಂದಾಗ ಜನ ತಾವು ನೋಡಿದ್ದನ್ನು ಅವರು ಹೇಳಿದ್ದರ ಜೊತೆ ತಾಳೆ ನೋಡುತ್ತಿದ್ದರು. ಎರಡು ಸಲ ತಪ್ಪು ಹೇಳಿದವನ ಮಾತಿಗೆ ಮೂರನೇ ಸಲ ಬೆಲೆ ಇರುತ್ತಿರಲಿಲ್ಲ.

1972ರ ‘ಬಂಗಾರದ ಮನುಷ್ಯ’ ಆ ಕಾಲದ ಬಾಯಿಮಾತಿನ ಶಿಖರ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದ ಹುಡುಗರ ಕತೆ ಇಂದಿಗೂ ಪ್ರಚಲಿತ. ಮಳೆ ನಂಬಿದ ಈ ಬಯಲಿನಲ್ಲಿ ಬಂಡೆ ಒಡೆದು ನೀರು ತೆಗೆಯುವ ರಾಜೀವಪ್ಪನ ಬಗ್ಗೆ ಮಾತಾಡುವುದೆಂದರೆ ಬೇಸಾಯದ ಬಗ್ಗೆಯೇ ಮಾತಾಡುವುದು.

ಹೆಂಗಸರ ಮಾತು ಬೇರೆ ದಾರಿ ಹಿಡಿದಿತ್ತು. ‘ಹೆಂಗಸರು ಬಂದರೆ ಪಿಚ್ಚರ್ ಗೆದ್ದಂತೆ’ ಎಂಬುದು ಚಿತ್ರಮಂದಿರದವರ ಲೆಕ್ಕಾಚಾರ. ತ್ರಿವೇಣಿಯವರ ‘ಬೆಳ್ಳಿಮೋಡ’ (1967), ‘ಶರಪಂಜರ’ (1971), ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969) ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ, ಓದಿದವರು ಪುಸ್ತಕವನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎಲ್ಲಿ ಬಿಟ್ಟರು, ಯಾಕೆ ಸೇರಿಸಿದರು ಎಂದು ಕೇಳುವುದು ವಿಮರ್ಶೆಯ ನಿಜವಾದ ಆರಂಭ. ಇದೇ ಪ್ರಶ್ನೆಯನ್ನು ‘ನಾಗರಹಾವು’ (1972) ಬಂದಾಗ ಅದರ ಕಾದಂಬರಿಕಾರ ತ.ರಾ.ಸು. ಅವರೇ ಎತ್ತಿದರು. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂಬ ಅವರ ಮಾತು ಇಡೀ ಪುಟದ ವಿಮರ್ಶೆಗಿಂತ ಹೆಚ್ಚು ಕಾಲ ಬದುಕಿದೆ. ಜನ ಮಾತ್ರ ತ.ರಾ.ಸು. ಮಾತನ್ನೂ ಮೆಚ್ಚಿದರು, ಚಿತ್ರವನ್ನೂ ಗೆಲ್ಲಿಸಿದರು.

ಅಚ್ಚಿನಲ್ಲಿ ಬಂದ ಅಭಿಪ್ರಾಯ

1948ರಲ್ಲಿ ಹುಟ್ಟಿದ ‘ಪ್ರಜಾವಾಣಿ’, 1965ರ ‘ಸುಧಾ’, ‘ರೂಪತಾರಾ’, ‘ವಿಜಯಚಿತ್ರ’ದಂಥ ಸಿನಿಮಾ ಪತ್ರಿಕೆಗಳು ಚಿತ್ರದ ಮಾತನ್ನು ಅಚ್ಚಿಗಿಳಿಸಿದವು. ಕ್ಷೌರದಂಗಡಿಯ ಬೆಂಚಿನ ಮೇಲೆ, ಟೀ ಹೋಟೆಲಿನ ಮೇಜಿನ ಮೇಲೆ ಒಂದೇ ಪ್ರತಿ ಹತ್ತಾರು ಕೈ ದಾಟುತ್ತಿತ್ತು. ವಿ.ಎನ್. ಸುಬ್ಬರಾವ್, ಡಾ. ವಿಜಯಾ ಮೊದಲಾದವರು ನಟನಟಿಯರ ಸುದ್ದಿಯಾಚೆಗೆ ಚಿತ್ರವನ್ನು ಚಿತ್ರವಾಗಿ ನೋಡಲು ಓದುಗರನ್ನು ಹುರಿದುಂಬಿಸಿದರು. ‘ಪಲ್ಲವಿ’ ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ಪಡೆದ ಪಿ. ಲಂಕೇಶ್ 1980ರಲ್ಲಿ ಪತ್ರಿಕೆ ಆರಂಭಿಸಿದ ಮೇಲೆ, ತಾರೆಯರನ್ನು ಮುಲಾಜಿಲ್ಲದೆ ಟೀಕಿಸುವ ಭಾಷೆ ತಾಲ್ಲೂಕು ಕೇಂದ್ರಗಳಿಗೂ ಬಂತು.

ಅದೇ ಹೊತ್ತಿಗೆ ಇನ್ನೊಂದು ಹೊಳೆ ಹರಿಯುತ್ತಿತ್ತು. 1970ರ ‘ಸಂಸ್ಕಾರ’ ಹೊಸ ಅಲೆಯನ್ನು ತಂದಿತು. 1971ರಲ್ಲಿ ಬೆಂಗಳೂರಿನ ಸುಚಿತ್ರಾ ಫಿಲಂ ಸೊಸೈಟಿ ಹುಟ್ಟಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ರೈತರ ಮುಂದೆ ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳನ್ನು ತೋರಿಸಿ, ನೋಡಿದ ಮೇಲೆ ಮಾತಾಡಿಸಿದರು. ಲೋಕದ ಯಾವ ಚಿತ್ರವೂ ಹಳ್ಳಿಯವರಿಗೆ ಭಾರವಲ್ಲ ಎಂಬುದು ಅವರ ನಂಬಿಕೆ; ಅದು ಸುಳ್ಳಾಗಲಿಲ್ಲ. ಅಂಥ ಚಳವಳಿ ಈ ದಕ್ಷಿಣದ ತುದಿಯಲ್ಲಿ ಬೇರೂರಲಿಲ್ಲ. ಇಲ್ಲಿನ ಆಸಕ್ತರಿಗೆ ಮೈಸೂರೇ ಗತಿಯಾಯಿತು. ಈ ಕೊರತೆ ಇಂದಿಗೂ ಉಳಿದಿದೆ.

ಕಿವಿಗೆ ಮಾತ್ರ ಕೊರತೆ ಇರಲಿಲ್ಲ. ಮೈಸೂರು ಆಕಾಶವಾಣಿಯ ಚಿತ್ರಗೀತೆ, ಕೋರಿಕೆಯ ಕಾರ್ಯಕ್ರಮದಲ್ಲಿ ಓದುವ ಊರು ಹೆಸರುಗಳ ಉದ್ದನೆಯ ಪಟ್ಟಿ, ಚಿತ್ರದ ಸಂಭಾಷಣೆಯನ್ನೇ ಬಿತ್ತರಿಸುವ ಧ್ವನಿವಾಹಿನಿ: ಇವು ನೋಡದ ಚಿತ್ರದ ಬಗ್ಗೆಯೂ ಅಭಿಪ್ರಾಯ ಹುಟ್ಟಿಸುತ್ತಿದ್ದವು. ಪೋಸ್ಟ್‌ಕಾರ್ಡ್ ಬರೆದು ಇಂಥ ಹಾಡು ಬೇಕೆಂದು ಕೋರುವುದೂ ಒಂದು ಮತದಾನವೇ.

ಸಂಘದ ಬಾವುಟ, ಗಡಿಯ ಬಿಸಿ

ಅಭಿಮಾನಿಗಳನ್ನು ದೇವರೆಂದು ಕರೆದವರು ರಾಜಕುಮಾರ್. 1982ರ ಗೋಕಾಕ್ ಚಳವಳಿಯಲ್ಲಿ ಅವರು ಬೀದಿಗಿಳಿದ ಮೇಲೆ ಅಭಿಮಾನಿ ಸಂಘಗಳಿಗೆ ಸಿನಿಮಾದ ಆಚೆಗೂ ದನಿ ಬಂತು. ಕಟೌಟು, ಹಾಲಿನ ಅಭಿಷೇಕ, ಮೊದಲ ದಿನದ ಮೊದಲ ಆಟ, ನೂರನೇ ದಿನದ ಮೆರವಣಿಗೆ ಎಲ್ಲವೂ ಅಭಿಪ್ರಾಯದ ರೂಪಗಳಾದವು. ಒಳ್ಳೆಯದೇನೆಂದರೆ, ಸಿನಿಮಾ ಪ್ರೀತಿ ರಕ್ತದಾನವಾಗಿ, ಅನ್ನದಾನವಾಗಿ ಊರಿಗೆ ದಕ್ಕಿತು. ಕೆಟ್ಟದ್ದೇನೆಂದರೆ, ‘ನಮ್ಮಣ್ಣನ ಪಿಚ್ಚರ್ ಅಷ್ಟಕ್ಕಷ್ಟೆ’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳುವುದು ಕಷ್ಟವಾಯಿತು. ಹೂಂಗುಟ್ಟುವವರಿಗೆ ಸುಮ್ಮನಾಗುವ ಹಕ್ಕು ಹೋಯಿತು.

ಗಡಿಯ ಬಿಸಿಯೂ ಇದಕ್ಕೆ ಕೂಡಿಕೊಂಡಿತು. ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಚಾಮರಾಜನಗರದಿಂದ ಇನ್ನೊಂದು ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ. ತಮಿಳು ಇಲ್ಲಿ ಪಕ್ಕದ ಮನೆಯ ಭಾಷೆ. ರಜನಿ, ಕಮಲ್ ಚಿತ್ರಗಳನ್ನು ರಾಜ್, ವಿಷ್ಣು ಚಿತ್ರಗಳ ಜೊತೆಗಿಟ್ಟು ತೂಗುವ ತುಲನೆಯ ಕಣ್ಣು ಈ ಸೀಮೆಯವರಿಗೆ ಸಹಜವಾಗಿ ಬಂದಿದೆ. ಆದರೆ 1991ರ ಕಾವೇರಿ ಗಲಭೆಯಲ್ಲಿ, ಗಾಜನೂರಿನ ಮನೆಯಿಂದ ವೀರಪ್ಪನ್ ರಾಜಕುಮಾರ್ ಅವರನ್ನು ಅಪಹರಿಸಿದ 2000ದ ಜುಲೈ 30ರ ನಂತರದ 108 ದಿನಗಳಲ್ಲಿ, ಯಾವ ಭಾಷೆಯ ಪಿಚ್ಚರ್ ಮೆಚ್ಚಿದೆ ಎಂದು ಹೇಳುವುದೇ ಪಕ್ಷ ಹಿಡಿದಂತಾಗುತ್ತಿತ್ತು. ಅಪಹರಣ ಇವರಿಗೆ ಪಕ್ಕದೂರಿನ ಸುದ್ದಿ. ಆ ಕಾಡಿನ ಅಂಚಿನವರು 2013ರ ‘ಅಟ್ಟಹಾಸ’, 2016ರ ‘ಕಿಲ್ಲಿಂಗ್ ವೀರಪ್ಪನ್’ ಚಿತ್ರಗಳನ್ನು ನೋಡುವಾಗ, ತೆರೆಯ ಮೇಲಿನ ಕಾಡನ್ನು ತಾವು ಕಂಡ ಕಾಡಿನ ಪಕ್ಕದಲ್ಲಿಟ್ಟೇ ನೋಡಬೇಕಾಗುತ್ತದೆ.

ತಮ್ಮದೇ ಲೋಕ ತೆರೆಗೆ ಬಂದಾಗಿನ ಮಾತಿನ ರುಚಿ ಬೇರೆ. 1996ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಬಂತು. ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ; ಮೈಗೂಡಿಸಿಕೊಂಡದ್ದು ನಮ್ಮ ಸೀಮೆಯ ಹಳ್ಳಿಮಾತನ್ನು, ಮಾದೇಶ್ವರನ ಪದವನ್ನು. 2005ರ ‘ಜೋಗಿ’ಯಲ್ಲಿ ನಾಯಕನ ಹೆಸರೇ ಮಾದೇಶ. ಹೊರಗಿನವರು ಹಾಡು, ಕತೆ ಮೆಚ್ಚಿದರು. ಇಲ್ಲಿನ ಕಿವಿ ‘ನಮ್ಮ ಮಾತು ಸರಿಯಾಗಿ ಆಡಿದ್ದಾನಾ?’ ಎಂದೂ ಕೇಳುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾವ ರಾಜಧಾನಿಯ ವಿಮರ್ಶಕನಿಗೂ ಇಲ್ಲ.

ಕೈಯೊಳಗಿನ ತೆರೆ

2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಬಾಯಿಮಾತಿನ ಜೊತೆ ಮೊಬೈಲ್ ಸಂದೇಶವೂ ಕೈಜೋಡಿಸಿದ ಕಾಲದ ಚಿತ್ರ. 2013ರ ‘ಲೂಸಿಯಾ’ಕ್ಕೆ ಪ್ರೇಕ್ಷಕರೇ ಚಂದಾ ಹಾಕಿ ಬಂಡವಾಳ ಕೊಟ್ಟರು, ಅಭಿಪ್ರಾಯ ಚಿತ್ರ ಹುಟ್ಟುವ ಮೊದಲೇ ಕಾಸಾಗಿ ಬಂತು. 2015ರ ಜುಲೈನಲ್ಲಿ ‘ರಂಗಿತರಂಗ’ ಬಿಡುಗಡೆಯಾದ ವಾರಕ್ಕೇ ‘ಬಾಹುಬಲಿ’ ಬಂದಾಗ, ಕನ್ನಡದ ಚಿತ್ರವನ್ನು ತೆಗೆಯಬೇಡಿ ಎಂದು ನೋಡಿದವರೇ ಫೇಸ್‌ಬುಕ್ಕಿನಲ್ಲಿ ಕೂಗು ಹಾಕಿದರು. 2022ರ ‘ಕಾಂತಾರ’, 2025ರ ‘ಸು ಫ್ರಮ್ ಸೋ’ ಗೆದ್ದದ್ದರಲ್ಲಿ ಜಾಹೀರಾತಿಗಿಂತ ನೋಡಿದವರ ಮಾತಿನ ಪಾಲು ದೊಡ್ಡದು.

ಡಿಜಿಟಲ್ ಪ್ರದರ್ಶನ ಬಂದ ಮೇಲೆ ಪ್ರಿಂಟಿನ ಡಬ್ಬಕ್ಕೆ ಕಾಯುವ ಕಾಲ ಮುಗಿಯಿತು. ಚಾಮರಾಜನಗರದಲ್ಲೂ ಬೆಂಗಳೂರಿನ ದಿನವೇ ಆಟ. ಆದರೂ ಅಭಿಪ್ರಾಯ ಈಗಲೂ ಚಿತ್ರಕ್ಕಿಂತ ಮುಂಚೆಯೇ ಬರುತ್ತದೆ: ಬೆಳಗಿನ ಆಟದ ಇಂಟರ್ವಲ್ಲಿನಲ್ಲೇ ಯಾರೋ ಐದಕ್ಕೆ ಎರಡು ಚುಕ್ಕಿ ಕೊಟ್ಟಿರುತ್ತಾರೆ. ಆ ‘ಯಾರೋ’ ಯಾರೆಂದು ತಿಳಿಯುವುದಿಲ್ಲ. ಹಣ ಪಡೆದು ಹೊಗಳುವವರು, ಹಗೆಗೆ ತೆಗಳುವವರು, ಚಿತ್ರ ನೋಡದೆಯೇ ಅಂಕ ಕೊಡುವವರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ಗುಂಡ್ಲುಪೇಟೆಯ ಸೀಮೆಯಲ್ಲಿ ಮೂರು ರಾಜ್ಯಗಳು ಕೂಡುತ್ತವೆ. ಮೂರರಲ್ಲೂ ಈ ಜಗಳ ನ್ಯಾಯಾಲಯ ಹತ್ತಿದೆ. ಕೇರಳ ಹೈಕೋರ್ಟಿನಲ್ಲಿ 2023ರಿಂದ ಇದರ ವಿಚಾರಣೆ ನಡೆದು, ಬಿಡುಗಡೆಯಾದ 48 ಗಂಟೆಯವರೆಗೆ ವಿಮರ್ಶೆ ಬೇಡವೆಂಬ ಸಲಹೆ ನ್ಯಾಯಾಲಯದ ಮುಂದೆ ಬಂತು. 2024ರಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನದ ವಿಮರ್ಶೆಗೆ ತಡೆ ಕೇಳಿ ಮದ್ರಾಸ್ ಹೈಕೋರ್ಟಿಗೆ ಹೋದರು. ಕರ್ನಾಟಕದಲ್ಲೂ 2025ರಲ್ಲಿ ನ್ಯಾಯಾಲಯದ ಆದೇಶದ ಮೇರೆಗೆ ಟಿಕೆಟ್ ಮಾರುವ ಆ್ಯಪಿನಲ್ಲಿ ಕೆಲವು ಚಿತ್ರಗಳ ಅಂಕಗಳನ್ನೇ ಮರೆಮಾಡಿದ್ದುಂಟು. ನಿರ್ಮಾಪಕರ ಸಂಕಟ ನಿಜ. ಆದರೆ ಕಾಸು ಕೊಟ್ಟು ನೋಡಿದವನ ಬಾಯಿಗೆ ಬೀಗ ಹಾಕುವುದು ಅದಕ್ಕೆ ಮದ್ದಲ್ಲ.

ಹೇಳಿದ್ದು ಯಾರು?

ಟೆಂಟಿನ ನೆಲದಿಂದ ಕೈಯೊಳಗಿನ ತೆರೆಯವರೆಗಿನ ಈ ದಾರಿಯಲ್ಲಿ ಮಾತಾಡುವವರು ಹೆಚ್ಚಿದ್ದಾರೆ, ಇದು ಲಾಭ. ಕೆ. ಪುಟ್ಟಸ್ವಾಮಿ ಅವರ ‘ಸಿನಿಮಾ ಯಾನ’ದಂಥ ಪುಸ್ತಕ ರಾಷ್ಟ್ರಪ್ರಶಸ್ತಿ ಪಡೆದಿದೆ, ಕನ್ನಡದಲ್ಲಿ ಸಿನಿಮಾ ಬಗ್ಗೆ ಗಂಭೀರವಾಗಿ ಬರೆಯಬಹುದೆಂಬುದು ಸಾಬೀತಾಗಿದೆ, ಇದೂ ಲಾಭ. ನಷ್ಟ ಒಂದೇ: ಮಾತಿಗೂ ಮಾತಾಡಿದವರ ಮುಖಕ್ಕೂ ಇದ್ದ ನಂಟು ಕಡಿದಿದೆ. ಪ್ಯಾಸೆಂಜರ್ ರೈಲಿನಲ್ಲಿ ಸುದ್ದಿ ತಂದ ಹುಡುಗ ತಪ್ಪು ಹೇಳಿದರೆ ಮರುದಿನ ಅದೇ ಟೀ ಅಂಗಡಿಯಲ್ಲಿ ಉತ್ತರ ಕೊಡಬೇಕಿತ್ತು. ಚುಕ್ಕಿ ಕೊಟ್ಟು ಮಾಯವಾದವನಿಗೆ ಆ ಹೊಣೆ ಇಲ್ಲ.

ಚಾಮರಾಜನಗರದ ಜಿಲ್ಲಾ ರಂಗಮಂದಿರಕ್ಕೆ ರಾಜಕುಮಾರ್ ಅವರ ಹೆಸರಿದೆ. ಅಲ್ಲಿ ತಿಂಗಳಿಗೊಂದು ಚಿತ್ರ ತೋರಿಸಿ, ದೀಪ ಹಾಕಿದ ಮೇಲೆ ಅರ್ಧ ಗಂಟೆ ಜನರನ್ನು ಮಾತಾಡಲು ಬಿಟ್ಟರೆ ಹೆಚ್ಚಿನ ಖರ್ಚೇನೂ ಆಗದು. ಹೆಗ್ಗೋಡಿನಲ್ಲಿ ಆದದ್ದು ಇಲ್ಲಿ ಆಗದೆಂದು ಹೇಳಲು ಕಾರಣವಿಲ್ಲ. ಇಡೀ ರಾತ್ರಿ ಮಂಟೇಸ್ವಾಮಿ ಕತೆ ಕೇಳಿದ ಜನರ ಮಕ್ಕಳು ಇವರು. ಅದಾಗುವವರೆಗೆ ಓದುಗರಲ್ಲಿ ಒಂದು ಬಿನ್ನಹ: ಮುಂದಿನ ಸಲ ಯಾರಾದರೂ ‘ಪಿಚ್ಚರ್ ಎಂಗದ?’ ಎಂದರೆ ಅಂಕ ಹೇಳಬೇಡಿ, ಕತೆಯನ್ನೂ ಹೇಳಬೇಡಿ. ಯಾಕೆ ಹಿಡಿಸಿತು, ಯಾಕೆ ಹಿಡಿಸಲಿಲ್ಲ ಎಂದು ಒಂದೇ ಒಂದು ಕಾರಣ ಹೇಳಿ.