ತೆರೆಯ ಮೇಲಿನ ಪೋಲೀಸರೂ ದಫ್ತರದ ಬಾಗಿಲೂ

ಮುಂಬಯಿಯ ಅಪರಾಧ ಶೋಧಕ ದಳವೊಂದರ ಸಾಹಸಗಳನ್ನು ವಸ್ತುವಾಗಿ ಉಳ್ಳ ‘ಸಿ.ಐ.ಡಿ.’ ಎಂಬ ಹಿಂದಿ ಧಾರಾವಾಹಿಯು 1998ರ ಜನವರಿಯಲ್ಲಿ ಆರಂಭವಾಗಿ 2018ರ ವರೆಗೆ ದೂರದರ್ಶನದ ತೆರೆಯ ಮೇಲೆ ನಡೆಯಿತು. 2024ರ ಡಿಸೆಂಬರಿನಲ್ಲಿ ಮರುಹುಟ್ಟನ್ನೂ ಪಡೆಯಿತು. ಅದರ ನಾಯಕನಾದ ಎ.ಸಿ.ಪಿ. ಪ್ರದ್ಯುಮ್ನನು ಅಪ್ಪಣೆಯಿತ್ತನೆಂದರೆ ಸಾಕು, ಮೃತನ ದೂರವಾಣಿಯಿಂದ ಹೋದ ಕರೆಗಳಾವುವು, ಮೋಟಾರು ಯಾರದು, ಗಾಜಿನ ಲೋಟದ ಮೇಲಿನ ಬೆರಳಚ್ಚು ಯಾರದು ಎಂಬುದೆಲ್ಲ ಮುಂದಿನ ಜಾಹೀರಾತಿನೊಳಗೆ ತಿಳಿದುಬಿಡುತ್ತದೆ. ಮರದ ಬಾಗಿಲನ್ನು ಮುರಿಯಲು ಈ ದಳಕ್ಕೆ ದಯಾ ಎಂಬ ಬಲಶಾಲಿ ಇನ್ಸ್‌ಪೆಕ್ಟರನು ಬೇಕು. ದಫ್ತರದ ಬಾಗಿಲಿಗೆ ಮಾತ್ರ ಯಾರೂ ಬೇಡ, ಅಲ್ಲಿ ಬಾಗಿಲೇ ಇಲ್ಲ. ಪ್ರೇಕ್ಷಕರು ಈ ವೇಗವನ್ನು ಕಂಡು ನಗುವುದುಂಟು. ಆದರೆ ವೇಗಕ್ಕಿಂತ ಹೆಚ್ಚು ವಿಚಾರಣೀಯವಾದುದು, ದಾಖಲೆಯನ್ನು ಕಾಯುವವನೊಬ್ಬನಿರುತ್ತಾನೆ, ಅವನು ಇಲ್ಲವೆನ್ನಬಹುದು ಎಂಬ ಸಂಗತಿಯೇ ತೆರೆಯಿಂದ ಮರೆಯಾಗಿರುವುದು.

ದಾಖಲೆಯಿಂದ ಅಪರಾಧಿಯನ್ನು ಹಿಡಿಯುವ ಕಥೆಯ ಮೊದಲ ಅಂಕವು ಭಾರತದಲ್ಲಿಯೇ ನಡೆಯಿತು. 1897ರಲ್ಲಿ ಕಲಕತ್ತೆಯಲ್ಲಿ ಜಗತ್ತಿನ ಪ್ರಪ್ರಥಮ ಬೆರಳಚ್ಚು ಕಚೇರಿಯು ಸ್ಥಾಪಿತವಾಯಿತು. ಬಂಗಾಲದ ಪೋಲೀಸು ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರಿನಿಂದ ಪ್ರಸಿದ್ಧವಾದ ವರ್ಗೀಕರಣ ಪದ್ಧತಿಯನ್ನು ವಸ್ತುತಃ ರೂಪಿಸಿ ಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಕೈಕೆಳಗಿನ ಅಧಿಕಾರಿಗಳು. ಹಕ್ಕರ ಗಣಿತದಂತೆ ಬೆರಳಚ್ಚಿನ ಚೀಟಿಗಳನ್ನು 1,024 ಗೂಡುಗಳಲ್ಲಿ ಹಂಚಿಡಬಹುದಾಗಿತ್ತು. ಕೆಲಕಾಲದಲ್ಲೇ ಜಲ್ಪಾಯಿಗುರಿಯ ಚಹಾ ತೋಟದ ವ್ಯವಸ್ಥಾಪಕನೊಬ್ಬನು ಕತ್ತು ಕೊಯ್ಯಲ್ಪಟ್ಟು ಸತ್ತುಬಿದ್ದನು. ಅವನ ಬಂಗಾಲಿ ಪಂಚಾಂಗದ ಮೇಲೆ ರಕ್ತದ ಹೆಬ್ಬೆರಳ ಗುರುತು ಉಳಿದಿತ್ತು. ಅದು ಕಚೇರಿಯಲ್ಲಿದ್ದ ಕಾಂಗಾಲಿ ಚರಣನೆಂಬ ಹಳೆಯ ಸೇವಕನ ಚೀಟಿಯೊಡನೆ ಕೂಡಿಬಂತು. ಅವನ ಚೀಟಿ ಅಲ್ಲಿದ್ದುದು ಅವನಿಗೆ ಹಿಂದೆ ಕಳವಿನ ಶಿಕ್ಷೆಯಾಗಿದ್ದುದರಿಂದ; ಇಲ್ಲವಾದರೆ ಆ ಗುರುತು ಮೂಕವಾಗಿಯೇ ಉಳಿಯುತ್ತಿತ್ತು. 1898ರಲ್ಲಿ ನ್ಯಾಯಾಲಯವು ಬೆರಳಚ್ಚನ್ನು ಕಳವಿಗೆ ಪ್ರಮಾಣವೆಂದು ಒಪ್ಪಿತು. ಕೊಲೆಯ ಆರೋಪದಲ್ಲಾದರೋ ಸಂಶಯದ ಲಾಭವನ್ನು ಆರೋಪಿಗೇ ಕೊಟ್ಟಿತು. ಧಾರಾವಾಹಿಯಾಗಿದ್ದರೆ ಗುರುತು ಕೂಡಿದ ಕ್ಷಣದಲ್ಲಿಯೇ ತಪ್ಪೊಪ್ಪಿಗೆಯಾಗುತ್ತಿತ್ತು.

ಉಳಿದ ದಾಖಲೆಗಳಿಗೆ ಬೀಗದ ಕೈ ಒಂದೊಂದಕ್ಕೂ ಬೇರೆಯಾಗಿದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 94ನೆಯ ಕಲಮು 1973ರ ಸಂಹಿತೆಯಲ್ಲಿ 91ನೆಯದಾಗಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮರಳಿ 94ನೆಯದಾಗಿ ಬಂದು ಕುಳಿತಿದೆ. ಠಾಣಾಧಿಕಾರಿಯು ಲಿಖಿತ ಆಜ್ಞೆಯಿಂದ ದಾಖಲೆಯನ್ನು ತರಿಸಿಕೊಳ್ಳಬಹುದೆಂಬುದು ಅದರ ಸಾರ. ಅಂಚೆಯ ವಶದಲ್ಲಿರುವ ಪತ್ರಕ್ಕೆ ಮಾತ್ರ ಅವನ ಆಜ್ಞೆ ಸಾಲದು. ಜಿಲ್ಲಾ ಮ್ಯಾಜಿಸ್ಟ್ರೇಟರದೋ ನ್ಯಾಯಾಲಯದ್ದೋ ಬೇಕು.

ಕಾಯುವವನು ಇಲ್ಲವೆಂದ ಪ್ರಸಂಗವೊಂದು ಗೋವೆಯಲ್ಲಿ ನಡೆಯಿತು. ಬಾಲಕಿಯೊಬ್ಬಳ ಮೇಲಿನ ಅತ್ಯಾಚಾರದ ತನಿಖೆಯಲ್ಲಿ ಕೇಂದ್ರ ತನಿಖಾ ದಳವು ಆಧಾರ್ ಪ್ರಾಧಿಕಾರದಿಂದ ನಾಗರಿಕರ ಬೆರಳಚ್ಚುಗಳನ್ನು ಕೇಳಿತು. ಮ್ಯಾಜಿಸ್ಟ್ರೇಟರ ಆಜ್ಞೆಯೂ ಆಯಿತು. ಅಪರಾಧವು ಎಷ್ಟು ಘೋರವೆಂದರೆ, ಕೊಡಲೊಲ್ಲೆನೆನ್ನುವ ಕಚೇರಿಯೇ ಅಪರಾಧಿಯಂತೆ ಕಾಣುವ ಸಂದರ್ಭವದು. ಆದರೂ ಪ್ರಾಧಿಕಾರವು ಒಪ್ಪದೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಸಂಬಂಧಪಟ್ಟ ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಆ ಮಾಹಿತಿಯನ್ನು ಯಾರಿಗೂ ಕೊಡಕೂಡದೆಂದು 2014ರ ಮಾರ್ಚ್ 24ರಂದು ಆ ನ್ಯಾಯಾಲಯವು ಆಜ್ಞಾಪಿಸಿತು. ಒಬ್ಬನನ್ನು ಹುಡುಕಲು ಕೋಟ್ಯಂತರ ನಿರಪರಾಧಿಗಳ ಬೆರಳುಗಳನ್ನು ಮುಟ್ಟಿನೋಡಬಹುದೇ ಎಂಬ ಈ ಪ್ರಶ್ನೆಯು ಯಾವ ಧಾರಾವಾಹಿಗಾದರೂ ಯೋಗ್ಯವಾದ ವಸ್ತುವೇ ಸರಿ.

ತೆರೆಯಷ್ಟೇ ಸರಾಗವಾಗಿ ದಾಖಲೆಗಳು ಬರುವುದುಂಟೇ ಎಂದರೆ, ಉಂಟು. 2013ರಲ್ಲಿ ದೆಹಲಿಯ ಕಾನ್‌ಸ್ಟೇಬಲನೊಬ್ಬನು ಮೇಲಧಿಕಾರಿಯ ಇ-ಮೇಲ್ ಖಾತೆಯಿಂದ ದೂರವಾಣಿ ಕಂಪನಿಗೆ ಕೋರಿಕೆ ಕಳುಹಿಸಿ, ರಾಜ್ಯಸಭೆಯಲ್ಲಿ ವಿರೋಧಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಕರೆಗಳ ಪಟ್ಟಿಯನ್ನು ಪಡೆಯಲೆತ್ನಿಸಿದನೆಂಬ ಆರೋಪದ ಮೇಲೆ ಬಂಧಿತನಾದನು. ಅರ್ಜಿಯಿಲ್ಲ, ಅನುಮತಿಯಿಲ್ಲ, ಕಾಯುವಿಕೆಯಿಲ್ಲ. ವಾಸ್ತವವು ಧಾರಾವಾಹಿಯನ್ನು ಅತ್ಯಂತ ಸಮೀಪದಿಂದ ಹೋಲುವುದು ಕಾಯಿದೆ ಮುರಿದ ಸ್ಥಳದಲ್ಲಿಯೇ.

ಇನ್ನು ಧಾರಾವಾಹಿಗಳು ಅಪರೂಪಕ್ಕೂ ಒಳಹೊಗದ ಕೋಣೆಯೊಂದಿದೆ: ಠಾಣೆಯವರೇ ಬರೆದು ಠಾಣೆಯವರೇ ಓದುವ ಚರಿತ್ರಪತ್ರದ ಕೋಣೆ. ಪೇಟೆಯ ಭಾಷೆಯಲ್ಲಿ ಹಿಸ್ಟರಿ ಶೀಟು. ಇದಕ್ಕೆ ನ್ಯಾಯಾಲಯದ ಅನುಮತಿ ಬೇಕಿಲ್ಲ. ಇಡಿಯ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ನೋಂದಾಯಿಸಿದ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1952ರಲ್ಲಿ ರದ್ದಾಯಿತಾದರೂ, ಆ ನೋಂದಣಿಯ ಮನೋಧರ್ಮವು ರದ್ದಾಗಲಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗನನ್ನು 1941ರ ದರೋಡೆಯ ಮೊಕದ್ದಮೆಯೊಂದರಲ್ಲಿ ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಲಾಗಿತ್ತು. ಆದರೂ ಅವನ ಹೆಸರಿನಲ್ಲಿ ಚರಿತ್ರಪತ್ರವೊಂದು ತೆರೆಯಿತು. ರಾತ್ರಿ ಹೊತ್ತಿನಲ್ಲಿ ಪೋಲೀಸರು ಮನೆಯ ಬಾಗಿಲು ತಟ್ಟತೊಡಗಿದರು. ಅವನ ಅರ್ಜಿಯ ಮೇಲೆ 1962ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿಯ ಭೇಟಿಗಳನ್ನು ತಡೆಯಿತು. ಆದರೆ ಖಾಸಗಿತನವು ಸಂವಿಧಾನದತ್ತ ಹಕ್ಕಲ್ಲವೆಂದು ಬಹುಮತವು ಸಾರಿತು. ನ್ಯಾಯಮೂರ್ತಿ ಸುಬ್ಬರಾವ್ ಅವರ ಭಿನ್ನಾಭಿಪ್ರಾಯವು ಐವತ್ತಕ್ಕೂ ಮಿಕ್ಕಿದ ವರ್ಷ ಕಾಯಬೇಕಾಯಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಹೆಸರಿನ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿ, ಖರಕ್ ಸಿಂಗನ ತೀರ್ಪಿನ ಆ ಭಾಗವನ್ನು ಅಳಿಸಿದರು.

ಚರಿತ್ರಪತ್ರವಾದರೋ ಉಳಿದಿದೆ. 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅದು ಪೋಲೀಸರ ಆಂತರಿಕ ಕಾಗದವೇ ಹೊರತು ಸಾರ್ವಜನಿಕ ಪ್ರಕಟಣೆಯ ವಸ್ತುವಲ್ಲವೆಂದಿತು. ಹಿಂದುಳಿದ ಸಮುದಾಯಗಳ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಅದರಲ್ಲಿ ಸೇರದಂತೆ ನೋಡಿಕೊಳ್ಳಬೇಕೆಂದೂ ರಾಜ್ಯಗಳಿಗೆ ಸೂಚಿಸಿತು.