ಬಳ್ಳಾರಿ ಸೀಮೆಯ ಕಡತವೂ ಬಳಪವೂ

ಉಪನ್ಯಾಸವು ನಡೆಯುತ್ತಿರುವಾಗ ಲ್ಯಾಪ್‌ಟಾಪನ್ನು ತೆರೆದು ಸದ್ದಿಲ್ಲದೆ ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಯು ಇಂದು ಎಲ್ಲೆಡೆಯೂ ಕಾಣಬರುವನು. ಆ ಟಿಪ್ಪಣಿಯನ್ನು ಯಂತ್ರದಲ್ಲಿ ಕೂಡಿಟ್ಟರೆ ಅದಕ್ಕೆ ಕನ್ನಡದಲ್ಲಿ ‘ಕಡತ’ವೆಂದು ಹೆಸರು. ಈ ಹೆಸರು ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಮಕ್ಕಳು ನಿಜವಾಗಿಯೂ ಕಡತವನ್ನು ಬಿಚ್ಚಿಯೇ ಪಾಠ ಬರೆಯುತ್ತಿದ್ದರು.

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಅವರು ಜಿಲ್ಲೆಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಅವರು 1823ರ ಆಗಸ್ಟ್ 17ರಂದು ವರದಿಯನ್ನೊಪ್ಪಿಸಿದರು. ಮೋಕ, ಸಿರುಗುಪ್ಪ, ಕುರುಗೋಡುಗಳ ಈ ನಾಡಲ್ಲದೆ ಅನಂತಪುರದ ಸೀಮೆಯೂ ಆಗ ಅದೇ ಜಿಲ್ಲೆಗೆ ಸೇರಿದ್ದಿತು. ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ವಿದ್ಯಾರ್ಥಿಗಳು 6,641, ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ.

ಮಗುವು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಬಳಿಕ ಹಲಿಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಲಿನ ಪುಡಿಯನ್ನು ಅಂಟಿನೊಡನೆ ಕಲಸಿ ಬಳಿದರೆ ಕಡತವಾಯಿತು. ಅದರ ಮೇಲೆ ಬಿಳಿಯ ಬಳಪದಿಂದ ಬರೆಯುವುದು. ಒದ್ದೆಯ ಬಟ್ಟೆಯಿಂದ ಒರೆಸಿದರೆ ಬರಹವು ಅಳಿಯುವುದು. ಒರೆಸದೆ ಕಾದಿಟ್ಟರೆ ಬಹುಕಾಲ ಬಾಳುವುದು. ಶೃಂಗೇರಿ ಮಠದ ಕಡತಗಳೇ ಇದಕ್ಕೆ ಸಾಕ್ಷಿ. ಆದರೆ ಶಾಲೆಯ ಬಾಲಕನಿಗೆ ಇಂದಿನ ಪಾಠವನ್ನೊರೆಸದೆ ನಾಳೆಯ ಪಾಠಕ್ಕೆ ಎಡೆಯಿಲ್ಲ. ಆದುದರಿಂದ ಕಲಿತುದೆಲ್ಲವೂ ನೆನಪಿನಲ್ಲಿಯೇ ಉಳಿಯಬೇಕಾಗಿದ್ದಿತು.

ಇಷ್ಟು ಅಲ್ಪವೆಚ್ಚದಲ್ಲಿ ಬರವಣಿಗೆಯನ್ನು ಕಲಿಸುವ ರೀತಿಯನ್ನು ಕ್ಯಾಂಬೆಲ್ಲರು ಮೆಚ್ಚಿದರು. ಆದರೆ ಎರಡು ಕೊರತೆಗಳನ್ನೂ ಕಂಡರು. ಮಕ್ಕಳು ಓದುತ್ತಿದ್ದ ಪದ್ಯಗ್ರಂಥಗಳ ಭಾಷೆ ಆಡುಮಾತಿಗೆ ದೂರವಾದುದು. ಅವರು ಅದನ್ನು ಬಾಯಿಪಾಠ ಮಾಡಿದರೂ ಅರ್ಥವನ್ನು ಅರಿಯುತ್ತಿರಲಿಲ್ಲ. ಇನ್ನೊಂದು, ನಾಡಿನ ಬಡತನ. ಯೂರೋಪಿನ ಬಟ್ಟೆ ಬಂದು ನೇಕಾರರ ಸಂಪಾದನೆ ಕುಗ್ಗಿದ್ದಿತು. ಎಷ್ಟೋ ತಂದೆತಾಯಿಗಳಿಗೆ ಗುರುವಿನ ಸಂಬಳವನ್ನು ಕೊಡುವ ಶಕ್ತಿಯಿರಲಿಲ್ಲ. ಹಿಂದೆ ಶಾಲೆಗಳಿದ್ದ ಹಲವು ಊರುಗಳಲ್ಲಿ ಒಂದೂ ಉಳಿದಿರಲಿಲ್ಲ.

ಕಡತವು ಅಗ್ಗವಾಗಿಯೇ ಇದ್ದಿತು. ಆದರೂ ಶಾಲೆಗಳು ಮುಚ್ಚಿದುವು. ಸಾಧನವು ಸುಲಭವಾದ ಮಾತ್ರಕ್ಕೆ ವಿದ್ಯೆಯು ಸುಲಭವಾಗದು. ಒರೆಸಿದರೂ ಅಳಿಯದಂತೆ ಬಾಯಿಪಾಠ ಮಾಡಿದ ಅಂದಿನ ಬಾಲಕನಿಗೆ ಅರ್ಥವು ದೊರೆಯದೆ ಹೋಯಿತು. ಉಪನ್ಯಾಸದ ಒಂದು ಮಾತನ್ನೂ ಬಿಡದೆ ಯಂತ್ರದಲ್ಲಿ ತುಂಬಿಡುವ ಇಂದಿನ ವಿದ್ಯಾರ್ಥಿಗೂ, ಅದನ್ನು ಮನನ ಮಾಡದಿದ್ದರೆ, ಅದೇ ನಷ್ಟವು ತಪ್ಪದು.